ಈವ್ ಕ್ಲೈನ್

ಈವ್ ಕ್ಲೈನ್ (28 ಏಪ್ರಿಲ್ 1928 – 6 ಜೂನ್ 1962) ಫ್ರಾನ್ಸ್ ದೇಶದ ಪ್ರಸಿದ್ಧ ಚಿತ್ರಕಾರ. ಒಂದೇ ವರ್ಣದ ಚಿತ್ರಗಳಿಂದ, ವಿಶೇಷವಾಗಿ ತನ್ನ ಹೆಸರಿನೊಡನೆ ಬೆರೆತುಹೋದ ಗಾಢ ನೀಲಿಯಿಂದ ಖ್ಯಾತನಾದನು. ಗಾಳಿ, ಮಳೆ ಹಾಗೂ ಬೆಂಕಿಯ ನೆರವಿನಿಂದ ಅಮೂರ್ತ ಚಿತ್ರಗಳನ್ನು ಮೂಡಿಸಿದ್ದು ಈತನ ಇನ್ನೊಂದು ಮುಖ್ಯ ಸಾಧನೆ.

ಆರಂಭಿಕ ಜೀವನ

ಕ್ಲೈನ್ ಫ್ರಾನ್ಸಿನ ದಕ್ಷಿಣ ಕರಾವಳಿಯ ನೀಸ್ ನಗರದಲ್ಲಿ ಜನಿಸಿದನು. ತಂದೆ ಫ್ರೆಡ್ ಕ್ಲೈನ್ ಹಾಗೂ ತಾಯಿ ಮಾರಿ ರೇಮೊಂ ಇಬ್ಬರೂ ಚಿತ್ರಕಾರರು. ಆದರೂ ಈತ ಕಲಾಶಾಲೆಯಲ್ಲಿ ಕ್ರಮಬದ್ಧ ಶಿಕ್ಷಣ ಪಡೆಯಲಿಲ್ಲ. 1952ರಲ್ಲಿ ಜಪಾನಿಗೆ ತೆರಳಿ, ಟೋಕಿಯೊದ ಕೊಡೊಕಾನ್ ಸಂಸ್ಥೆಯಲ್ಲಿ ಜೂಡೊ ಅಭ್ಯಸಿಸಿ ನಾಲ್ಕನೆಯ ಡಾನ್ ಪದವಿ ಗಳಿಸಿದನು. 1954ರಲ್ಲಿ ಜೂಡೊ ಕುರಿತು ಪುಸ್ತಕವನ್ನೂ ಪ್ರಕಟಿಸಿದನು.

ನೀಲಿ ವರ್ಣ

ಎಣ್ಣೆಯಲ್ಲಿ ಕಲಸಿದಾಗ ಬಣ್ಣದ ಪುಡಿಯ ಹೊಳಪು ಕುಂದುವುದನ್ನು ಕಂಡ ಕ್ಲೈನ್, ಪ್ಯಾರಿಸ್ಸಿನ ಬಣ್ಣದ ವ್ಯಾಪಾರಿ ಎಡ್ವಾರ್ ಆದಾಂನ ನೆರವಿನಿಂದ ಕೃತಕ ರಾಳವೊಂದನ್ನು ಬಳಸತೊಡಗಿದನು. 1957ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ 11 ನೀಲಿ ಚಿತ್ರಗಳನ್ನು ಪ್ರದರ್ಶಿಸಿದನು. ಈ ಮಿಶ್ರಣದ ವಿವರವನ್ನು 1960ರಲ್ಲಿ ಸರ್ಕಾರಿ ಕಚೇರಿಯಲ್ಲಿ ದಾಖಲಿಸಿದನು. ಇದನ್ನು ಪೇಟೆಂಟ್ ಎಂದು ಹೇಳುವುದುಂಟಾದರೂ ಅದು ಕೇವಲ ದಿನಾಂಕವನ್ನು ದೃಢಪಡಿಸುವ ನೋಂದಣಿಯಾಗಿತ್ತು.

ಪ್ರಕೃತಿಯ ಅಚ್ಚುಗಳು

ಕಲಾವಿದನ ಕೈಯ ಗುರುತು ಚಿತ್ರದಲ್ಲಿ ಉಳಿಯಬಾರದೆಂಬುದು ಕ್ಲೈನ್‌ನ ನಿಲುವು. ಈ ಕಾರಣದಿಂದ ಮೊದಲು ಕುಂಚವನ್ನು ಬಿಟ್ಟು ರೋಲರ್ ಬಳಸಿದನು. 1960ರಲ್ಲಿ ರೂಪದರ್ಶಿಗಳ ಮೈಗೆ ಬಣ್ಣ ಹಚ್ಚಿಸಿ, ಅದರ ಅಚ್ಚನ್ನು ಕಾಗದದ ಮೇಲೆ ಪಡೆದನು. ಅದೇ ವರ್ಷ ಈ ಕೆಲಸವನ್ನು ಪ್ರಕೃತಿಗೇ ಒಪ್ಪಿಸಿದನು. ಹೀಗೆ ಹುಟ್ಟಿದ ಕೃತಿಗಳಿಗೆ ವಿಶ್ವೋತ್ಪತ್ತಿ ಎಂಬರ್ಥದ 'ಕಾಸ್ಮೊಗೊನಿ' ಎಂಬ ಹೆಸರಿದೆ.

ಬಣ್ಣ ಬಳಿದ ಹಾಳೆಯನ್ನು ಕಾರಿನ ಚಾವಣಿಗೆ ಬಿಗಿದು ಪ್ಯಾರಿಸ್ಸಿನಿಂದ ನೀಸ್‌ಗೆ ಪಯಣಿಸಿದ್ದು ಇವುಗಳಲ್ಲಿ ಪ್ರಸಿದ್ಧವಾದುದು. ದಾರಿಯುದ್ದಕ್ಕೂ ಗಾಳಿ, ಬಿಸಿಲು, ಮಳೆ ಅದರ ಮೇಲೆ ತಮ್ಮ ಗುರುತು ಮೂಡಿಸಿದವು. ಹಲವು ದಶಕಗಳಲ್ಲಿ ಆಗಬೇಕಾದ ಸವೆತ ಒಂದೇ ದಿನದಲ್ಲಿ ಆಯಿತೆಂದು ಕ್ಲೈನ್ ಭಾವಿಸಿದನು. ನದಿದಂಡೆಯ ಜೊಂಡಿನ ಅಚ್ಚುಗಳನ್ನೂ, ಮಳೆಹನಿಗಳ ಗುರುತುಗಳನ್ನೂ ಇದೇ ರೀತಿ ಸಂಗ್ರಹಿಸಿದನು. ಆದರೆ ಕಲಾವಿದನ ಪಾತ್ರ ಇಲ್ಲಿ ಪೂರ್ತಿ ಇಲ್ಲವಾಗಲಿಲ್ಲ. ಬಣ್ಣ, ಸ್ಥಳ ಹಾಗೂ ಹಾಳೆಯನ್ನು ಹೊರಗಿಡುವ ಅವಧಿಯ ಆಯ್ಕೆ ಆತನದೇ ಆಗಿತ್ತು. ನಿಸರ್ಗದ ಸವೆತವು ಚಿತ್ರದ ಹಾನಿಯಲ್ಲ, ಅದೇ ಚಿತ್ರರಚನೆ ಎಂಬುದನ್ನು ಈ ಕೃತಿಗಳು ತೋರಿಸಿದವು.

1961ರಲ್ಲಿ ಫ್ರಾನ್ಸಿನ ಅನಿಲ ಸಂಸ್ಥೆಯ ಪರೀಕ್ಷಾ ಕೇಂದ್ರವೊಂದರಲ್ಲಿ ದೊಡ್ಡ ಜ್ವಾಲಕಗಳನ್ನು ಬಳಸಿ, ರಟ್ಟಿನ ಮೇಲೆ ಸುಟ್ಟ ಗುರುತುಗಳ ಅಗ್ನಿಚಿತ್ರಗಳನ್ನು ರಚಿಸಿದನು.

ನಿಧನ

ಕ್ಲೈನ್ 1962ರ ಜನವರಿಯಲ್ಲಿ ಜರ್ಮನಿಯ ಕಲಾವಿದೆ ರೋಟ್ರಾಟ್ ಯುಕರ್ ಅವರನ್ನು ವಿವಾಹವಾದನು. ಅದೇ ಜೂನ್ 6ರಂದು, ತನ್ನ 34ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಹೃದಯಾಘಾತದಿಂದ ಮೃತಪಟ್ಟನು. ಮಗ ಜನಿಸಿದ್ದು ಆ ಬಳಿಕ, ಆಗಸ್ಟ್ ತಿಂಗಳಲ್ಲಿ.