ಪುನೀತ ಫ್ರೆಡರಿಕ್ ಓಜನಾಮ್: ಬಡವರ ಮೆಟ್ಟಿಲನ್ನೇರಿದ ಪಂಡಿತ

ನಮ್ಮ ನಾಡಿನ ಕಥೋಲಿಕ ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪೌಲರ ಸಭೆಯ ಹೆಸರನ್ನು ಕೇಳದವರು ವಿರಳ. ಔಷಧಕ್ಕೆ ಹಣವಿಲ್ಲದವರು, ಮಳೆಗಾಲದಲ್ಲಿ ಸೂರು ಸೋರುವವರು, ಮಕ್ಕಳ ಶಾಲಾ ಶುಲ್ಕವನ್ನು ತೆರಲಾರದವರು ನೆನೆಯುವುದು ಈ ಸಭೆಯನ್ನು. ಸಭೆಗೆ ಸಂತ ವಿನ್ಸೆಂಟರ ಹೆಸರಿರುವುದರಿಂದ ಅವರೇ ಅದರ ಸಂಸ್ಥಾಪಕರೆಂದು ಭಾವಿಸಿರುವವರು ಬಹು ಮಂದಿ. ಆದರೆ ವಿನ್ಸೆಂಟರು 1660ರಲ್ಲಿಯೇ ದೈವಾಧೀನರಾದವರು. ಸಭೆಯು ಜನ್ಮತಾಳಿದುದು 1833ರಲ್ಲಿ. ಅದನ್ನು ಹುಟ್ಟುಹಾಕಿದವರು ಗುರುಗಳೂ ಅಲ್ಲ, ಕನ್ಯಾಸ್ತ್ರೀಯರೂ ಅಲ್ಲ, ತಂದೆತಾಯಿಗಳ ಹಣದಿಂದ ಓದುತ್ತಿದ್ದ ಕೆಲವು ಮಂದಿ ವಿದ್ಯಾರ್ಥಿಗಳು. ಅವರಲ್ಲಿ ಪ್ರಮುಖರಾದ ಫ್ರೆಡರಿಕ್ ಓಜನಾಮರ ಜೀವನವೃತ್ತಾಂತವನ್ನು ಸ್ಮರಿಸುವುದು ಉಚಿತವೆನಿಸುತ್ತದೆ.

ಓಜನಾಮರು 1813ರ ಏಪ್ರಿಲ್ 23ರಂದು, ಆಗ ನೆಪೋಲಿಯನ್ನನ ಅಧೀನದಲ್ಲಿದ್ದ ಇಟಲಿಯ ಮಿಲಾನ್ ನಗರದಲ್ಲಿ ಫ್ರೆಂಚ್ ದಂಪತಿಗಳ ಮಗನಾಗಿ ಜನಿಸಿದರು. ತಂದೆ ವೈದ್ಯರು. ಹದಿನಾಲ್ಕು ಮಕ್ಕಳು ಹುಟ್ಟಿದ ಆ ಮನೆಯಲ್ಲಿ ಪ್ರಾಯಕ್ಕೆ ಬಂದು ಬಾಳಿದವರು ಮೂವರು ಗಂಡುಮಕ್ಕಳು ಮಾತ್ರ. 1816ರಲ್ಲಿ ಕುಟುಂಬವು ಸ್ವದೇಶಕ್ಕೆ ಹಿಂದಿರುಗಿ ಲಿಯೋನ್ ಪಟ್ಟಣದಲ್ಲಿ ನೆಲಸಿತು. ಲಿಯೋನ್ ರೇಷ್ಮೆಯ ಊರು. ಸಾವಿರಾರು ನೇಕಾರರು ತಮ್ಮ ಮನೆಗಳಲ್ಲಿಯೇ ಮಗ್ಗ ಹೂಡಿ, ವರ್ತಕರು ಕೊಟ್ಟ ನೂಲನ್ನು ನೇಯ್ದು, ಅಳತೆಗೆ ಇಂತಿಷ್ಟೆಂದು ಕೂಲಿ ಪಡೆದು ಬದುಕುತ್ತಿದ್ದರು. ವ್ಯಾಪಾರ ಕುಗ್ಗಿದೊಡನೆ ಕೂಲಿಯ ದರವೂ ಕುಗ್ಗುತ್ತಿತ್ತು. 1831ರಲ್ಲಿ ಕನಿಷ್ಠ ದರವೊಂದನ್ನು ನಿಗದಿಪಡಿಸಬೇಕೆಂದು ಅವರು ಬೇಡಿದಾಗ ವರ್ತಕರು ಒಪ್ಪಲಿಲ್ಲ, ಊರು ದಂಗೆಯೆದ್ದಿತು. 1834ರಲ್ಲಿ ಮತ್ತೊಮ್ಮೆ ರಕ್ತ ಹರಿಯಿತು. ಓಜನಾಮರ ಚಿಂತನೆಗೆ ಹಿನ್ನೆಲೆಯಾದುದು ಈ ಊರು.

ಅಂದಿನ ಫ್ರಾನ್ಸಿನ ಪಟ್ಟಣಗಳಲ್ಲಿ ಎತ್ತರದ ಮನೆಗಳ ಕೆಳ ಅಂತಸ್ತುಗಳಲ್ಲಿ ಉಳ್ಳವರೂ, ಮಾಡಿನ ಕೆಳಗಿನ ಕಟ್ಟಕಡೆಯ ಅಂತಸ್ತುಗಳಲ್ಲಿ ಬಡವರೂ ವಾಸಿಸುತ್ತಿದ್ದರು. ಮೇಲೇರಿದಷ್ಟೂ ಬಾಡಿಗೆ ಕಡಿಮೆ. ಓಜನಾಮರ ತಂದೆ ಹಣ ಪಡೆಯದೆ ನೋಡುತ್ತಿದ್ದ ರೋಗಿಗಳು ಅನೇಕರು. ತಾಯಿಯೂ ಬಡವರ ಮನೆಗಳಿಗೆ ಹೋಗಿ ಬರುತ್ತಿದ್ದರು. ವೃದ್ಧಾಪ್ಯ ಸಮೀಪಿಸಿದಾಗ, ನಾಲ್ಕನೆಯ ಅಂತಸ್ತಿಗಿಂತ ಮೇಲೆ ಹತ್ತಬಾರದೆಂದು ದಂಪತಿಗಳು ಪರಸ್ಪರ ಮಾತು ತೆಗೆದುಕೊಂಡರಂತೆ; ಒಂದು ದಿನ ಯಾವುದೋ ಮನೆಯ ಅದಕ್ಕೂ ಮೇಲಿನ ಅಂತಸ್ತಿನಲ್ಲಿ ಇಬ್ಬರೂ ಎದುರುಬದುರಾದರಂತೆ. ನಗು ತರಿಸುವ ಈ ಪ್ರಸಂಗದ ಕೊನೆ ನಗುವಂಥದಲ್ಲ. 1837ರ ಮೇ ತಿಂಗಳಲ್ಲಿ ಬಡ ರೋಗಿಯೊಬ್ಬನನ್ನು ನೋಡಲು ಹೋದ ಡಾಕ್ಟರರು ಮೆಟ್ಟಿಲಿನಿಂದ ಜಾರಿಬಿದ್ದು ತೀರಿಕೊಂಡರು.

ಮಗನು 1831ರ ಕೊನೆಯಲ್ಲಿ ಕಾನೂನು ವ್ಯಾಸಂಗಕ್ಕಾಗಿ ಪ್ಯಾರಿಸಿಗೆ ಬಂದಾಗ ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮವನ್ನು ಅಳಿದುಹೋದ ವಸ್ತುವೆಂಬಂತೆ ಹಲವು ಪ್ರಾಧ್ಯಾಪಕರು ಹೀಗಳೆಯುತ್ತಿದ್ದರು. ಸುದೈವದಿಂದ, ವಿದ್ಯುಚ್ಛಕ್ತಿಯ ಸಂಶೋಧನೆಯಲ್ಲಿ ವಿಶ್ವಖ್ಯಾತರಾದ ಆಂಪೇರ್ ಎಂಬ ವಿಜ್ಞಾನಿಯ ಮನೆಯಲ್ಲಿ ಆತನಿಗೆ ವಸತಿ ದೊರೆಯಿತು. ಆ ಮಹಾಮೇಧಾವಿಯು ದೇವಾಲಯದ ಮೂಲೆಯೊಂದರಲ್ಲಿ ಮೊಣಕಾಲೂರಿ ಜಪಸರ ಪ್ರಾರ್ಥನೆ ಮಾಡುತ್ತಿದ್ದುದನ್ನು ಕಂಡುದು, ಹದಿಹರೆಯದಲ್ಲಿ ವಿಶ್ವಾಸದ ಸಂದೇಹಗಳಿಂದ ನರಳಿದ್ದ ಯುವಕನಿಗೆ ಯಾವ ಉಪದೇಶಕ್ಕಿಂತಲೂ ಹೆಚ್ಚಿನ ಬಲವನ್ನು ನೀಡಿತು.

1832ರಲ್ಲಿ ಪ್ಯಾರಿಸನ್ನು ಕಾಲರಾ ಮಾರಿ ಹೊಕ್ಕಿತು. ಕೆಲವೇ ತಿಂಗಳುಗಳಲ್ಲಿ ಮಡಿದವರ ಸಂಖ್ಯೆ ಸುಮಾರು 18 ಸಾವಿರ. ದುಡಿಯುವ ಕೈಗಳನ್ನು ಕಳೆದುಕೊಂಡ ಮನೆಗಳಲ್ಲಿ ರೊಟ್ಟಿಗೂ ಗತಿಯಿರಲಿಲ್ಲ. ಇಂತಹ ಕಾಲದಲ್ಲಿ ಓಜನಾಮರೂ ಅವರ ಸ್ನೇಹಿತರೂ, ಬಾಯಿ ಎಂಬ ಹಿರಿಯ ಪತ್ರಕರ್ತರ ಆಶ್ರಯದಲ್ಲಿ ಚರ್ಚಾಕೂಟವೊಂದನ್ನು ನಡೆಸುತ್ತ, ಧರ್ಮಸಭೆಯು ಲೋಕಕ್ಕೆ ಮಾಡಿದ ಉಪಕಾರಗಳನ್ನು ಇತಿಹಾಸದ ಆಧಾರದಿಂದ ಸಮರ್ಥಿಸುತ್ತಿದ್ದರು. ವಾದದಲ್ಲಿ ಗೆಲ್ಲುತ್ತಲೂ ಇದ್ದರು. ಒಮ್ಮೆ ಎದುರುಪಕ್ಷದ ಯುವಕನೊಬ್ಬನು, ಹಿಂದಿನ ಕಾಲದ ಮಾತಿರಲಿ, ಈಗ ನೀವು ಬಡವರಿಗಾಗಿ ಏನು ಮಾಡುತ್ತಿದ್ದೀರಿ, ತೋರಿಸಿರಿ ಎಂಬರ್ಥದ ಪ್ರಶ್ನೆಯನ್ನೆಸೆದನು. ತೋರಿಸಲು ಇವರಲ್ಲಿ ಏನೂ ಇರಲಿಲ್ಲ. ಆ ಯುವಕನು ಕಥೋಲಿಕರ ವಿರೋಧಿಯಾದರೂ, ನಮ್ಮ ಧರ್ಮಸಭೆಗೆ ಅವನಿಂದಾದ ಉಪಕಾರ ಸಣ್ಣದಲ್ಲ.

ಅಂದು ರಾತ್ರಿಯೇ ಓಜನಾಮರೂ ಗೆಳೆಯ ಲೆ ತಾಯಾಂದಿಯೇರನೂ ಚಳಿಗೆಂದು ತಾವು ಕೂಡಿಟ್ಟಿದ್ದ ಸೌದೆಯಲ್ಲಿ ಉಳಿದುದನ್ನು ಹೊತ್ತುಕೊಂಡು ಬಡವನೊಬ್ಬನ ಕೋಣೆಗೆ ತಲಪಿಸಿದರೆಂದು ಪ್ರತೀತಿ. 1833ರ ಏಪ್ರಿಲ್ 23ರ ಸಂಜೆ, ಅಂದರೆ ಓಜನಾಮರಿಗೆ ಇಪ್ಪತ್ತು ತುಂಬಿದ ದಿನ, ಬಾಯಿಯವರ ಪತ್ರಿಕಾ ಕಚೇರಿಯಲ್ಲಿ ಆರು ಮಂದಿ ವಿದ್ಯಾರ್ಥಿಗಳು ಸೇರಿ ದಯಾಕಾರ್ಯದ ಕೂಟವನ್ನು ಆರಂಭಿಸಿದರು. ಬಾಯಿಯವರು ಅಧ್ಯಕ್ಷರಾದರು, ದೆವೋ ಎಂಬ ವಿದ್ಯಾರ್ಥಿ ಕೋಶಾಧಿಕಾರಿಯಾದನು. ಓಜನಾಮರು ಅಂದಿನಿಂದ ಸಾಯುವವರೆಗೂ ಈ ಸಂಸ್ಥೆಯ ಮಹಾಧ್ಯಕ್ಷ ಪದವಿಯನ್ನು ವಹಿಸಿಕೊಳ್ಳಲೇ ಇಲ್ಲ.

ಮನಸ್ಸೇನೋ ಇತ್ತು, ಮಾರ್ಗ ತಿಳಿದಿರಲಿಲ್ಲ. ಪ್ಯಾರಿಸಿನ ಅತಿ ದರಿದ್ರ ಬಡಾವಣೆಯಾದ ಮುಫ್ತಾರಿನಲ್ಲಿ ರೊಸಲಿ ರೆಂದ್ಯು ಎಂಬ ಕನ್ಯಾಸ್ತ್ರೀ ಸೇವಾನಿರತರಾಗಿದ್ದರು. ಸಂತ ವಿನ್ಸೆಂಟರೇ ಸ್ಥಾಪಿಸಿದ ಸಭೆಗೆ ಸೇರಿದ ಆಕೆಗೆ ಆ ಬೀದಿಗಳ ಪ್ರತಿಯೊಂದು ಮನೆಯ ಪರಿಚಯವೂ ಇತ್ತು. ಯಾವ ಮನೆಗೆ ಹೋಗಬೇಕು, ಅಲ್ಲಿ ಹೇಗೆ ಕುಳಿತುಕೊಳ್ಳಬೇಕು, ಏನನ್ನು ಕೇಳಬಾರದು ಎಂಬುದನ್ನೆಲ್ಲ ಆಕೆಯೇ ಇವರಿಗೆ ಕಲಿಸಿದರು. ರೊಟ್ಟಿಗೂ ಸೌದೆಗೂ ಚೀಟಿಗಳಿದ್ದವು. ಅಂಗಡಿಯಲ್ಲಿ ಅದನ್ನು ಕೊಟ್ಟರೆ ಸಾಮಾನು ದೊರೆಯುತ್ತಿತ್ತು. ಸ್ವಂತ ಚೀಟಿಗಳು ಇಲ್ಲದ ಆರಂಭದ ದಿನಗಳಲ್ಲಿ ಸಿಸ್ಟರ್ ರೊಸಲಿಯವರೇ ತಮ್ಮ ಚೀಟಿಗಳನ್ನು ಒದಗಿಸಿದರು. ಈ ಸಾಧ್ವಿಯನ್ನೂ ಧರ್ಮಸಭೆಯು 2003ರಲ್ಲಿ ಪುನೀತ ಪದವಿಗೇರಿಸಿದೆ.

ಹಣ ಎಲ್ಲಿಂದ ಬರಬೇಕು? ವಿದ್ಯಾರ್ಥಿಗಳ ಜೇಬಿನಿಂದಲೇ ಬಂದಿತು. ವಾರದ ಕೂಟದ ಕೊನೆಯಲ್ಲಿ ಸಂಗ್ರಹವಾಗುತ್ತಿದ್ದ ಕಾಣಿಕೆ ಗುಪ್ತವಾದುದು. ಯಾರು ಎಷ್ಟು ಹಾಕಿದರೆಂಬುದು ಪಕ್ಕದವನಿಗೂ ತಿಳಿಯುವಂತಿರಲಿಲ್ಲ. ಇದು ಸಣ್ಣ ವಿಷಯವೆಂದು ತೋರಬಹುದು. ದೊಡ್ಡ ನೋಟು ನೀಡಿದವರ ಹೆಸರನ್ನು ಧ್ವನಿವರ್ಧಕದಲ್ಲಿ ಸಾರುವ ವಾಡಿಕೆಯನ್ನು ಕಂಡಿರುವ ನಾವು ಅದರ ಬೆಲೆಯನ್ನು ಊಹಿಸಿಕೊಳ್ಳಬೇಕು. ಹಣವಂತನ ಮಗನು ಉಬ್ಬುವಂತಿಲ್ಲ. ಆ ವಾರ ತನ್ನ ಊಟಕ್ಕೇ ಕಷ್ಟವಾದವನು ತಲೆತಗ್ಗಿಸುವಂತಿಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಮುಂದಿನ ವಾರದ ಭೇಟಿಯನ್ನು ನಿರ್ಧರಿಸಬಹುದು. ಎರಡನೆಯ ನಿಯಮ, ಸಹಾಯವನ್ನು ತಾವೇ ಮನೆಗೆ ಒಯ್ಯಬೇಕೆಂಬುದು. ಬಡವರನ್ನು ಕಚೇರಿಯ ಮುಂದೆ ಸಾಲುಗಟ್ಟಿ ನಿಲ್ಲಿಸುವಂತಿರಲಿಲ್ಲ. ಕೂಟದಲ್ಲಿ ರಾಜಕೀಯದ ಚರ್ಚೆಗೆ ಆಸ್ಪದವಿರಲಿಲ್ಲ.

ಓಜನಾಮರ ಪಾಲಿಗೆ ಬಂದ ಮೊದಲನೆಯ ಕುಟುಂಬದ ಸ್ಥಿತಿ ಹೃದಯವಿದ್ರಾವಕವಾಗಿತ್ತು. ಐದು ಮಕ್ಕಳ ತಾಯಿ ಹಗಲಿರುಳು ದುಡಿಯುತ್ತಿದ್ದಳು. ಅವಳ ಗಳಿಕೆಯನ್ನು ಕಸಿದು ಕುಡಿದು ಬಂದು ಹೊಡೆಯುವವನು ಮನೆಯ ಯಜಮಾನ. ಇಂತಹ ಮನೆಗೆ ರೊಟ್ಟಿಯ ಚೀಟಿಯೊಂದರಿಂದ ಏನಾದೀತು? ಕಾನೂನಿನ ವಿದ್ಯಾರ್ಥಿಯಾದ ಓಜನಾಮರು ಕೂಲಂಕಷವಾಗಿ ವಿಚಾರಿಸಿದಾಗ ಆ ವಿವಾಹವೇ ಸಿಂಧುವಲ್ಲವೆಂಬುದು ಬೆಳಕಿಗೆ ಬಂದಿತು. ಅಧಿಕಾರಿಗಳಲ್ಲಿ ದೂರಿತ್ತು ಆಕೆಯನ್ನು ಬಿಡುಗಡೆಗೊಳಿಸಿದರು. ಗೆಳೆಯರು ಹಣ ಕೂಡಿಸಿ, ಕಿರಿಯ ಮಕ್ಕಳೊಡನೆ ಬ್ರಿತಾನಿ ಪ್ರಾಂತದಲ್ಲಿದ್ದ ತವರಿಗೆ ಆಕೆಯನ್ನು ಕಳುಹಿಸಿಕೊಟ್ಟರು. ಹಿರಿಯ ಹುಡುಗರಿಬ್ಬರಿಗೆ ಬಾಯಿಯವರ ಮುದ್ರಣಾಲಯದಲ್ಲಿ ಕೆಲಸ ದೊರಕಿತು. ಕೊಡುವುದಕ್ಕೂ ತಿಳಿದು ಕೊಡುವುದಕ್ಕೂ ಇರುವ ಅಂತರ ಈ ಒಂದು ಪ್ರಸಂಗದಲ್ಲಿ ಸ್ಪಷ್ಟವಾಗುತ್ತದೆ.

1834ರಲ್ಲಿ ಸಂತ ವಿನ್ಸೆಂಟರನ್ನು ಪಾಲಕರನ್ನಾಗಿ ಆರಿಸಿಕೊಂಡದ್ದೂ ಸಕಾರಣವಾಗಿಯೇ. 1617ರಲ್ಲಿ ಶಾತಿಯೋಂ ಎಂಬ ಹಳ್ಳಿಯ ಗುರುವಾಗಿದ್ದ ವಿನ್ಸೆಂಟರು, ರೋಗಪೀಡಿತವಾದ ಒಂದು ಮನೆಯ ವಿಷಯವನ್ನು ಪ್ರಸಂಗದಲ್ಲಿ ತಿಳಿಸಿದಾಗ ಜನರೆಲ್ಲರೂ ಒಂದೇ ದಿನ ಆಹಾರ ಹೊತ್ತು ತಂದರು. ಅಷ್ಟೂ ಕೆಟ್ಟುಹೋಗುವುದು, ನಾಳೆ ಮತ್ತೆ ಹಸಿವು ಎಂಬುದನ್ನು ಮನಗಂಡ ಸಂತರು ಸರದಿಯ ಪ್ರಕಾರ ಸೇವೆ ಸಲ್ಲಿಸುವ ಸಂಘವನ್ನು ರಚಿಸಿದರು. ಕರುಣೆಗೆ ಕ್ರಮವನ್ನು ಕಲಿಸಿದವರು ಅವರೇ.

ಸದಸ್ಯರು ಹೆಚ್ಚಿದಂತೆ ಕೂಟವನ್ನು ವಿಭಾಗಿಸಬೇಕೆಂಬ ಸಲಹೆ ಬಂದಿತು. ಮೊದಲಿನ ಸ್ನೇಹ ಕರಗಿಹೋದೀತೆಂದು ಹಲವರು ಬಲವಾಗಿ ವಿರೋಧಿಸಿದರೂ ಓಜನಾಮರು ವಿಭಜನೆಯ ಪರವಾಗಿದ್ದರು. 1835ರಲ್ಲಿ ನಿಯಮಾವಳಿ ಸಿದ್ಧವಾಯಿತು. ರಜೆಯಲ್ಲಿ ಊರಿಗೆ ಹೋದ ವಿದ್ಯಾರ್ಥಿಗಳು ಅಲ್ಲಲ್ಲಿ ಶಾಖೆಗಳನ್ನು ತೆರೆದರು. 1844ರಲ್ಲಿ ಸಭೆಯು ಡಬ್ಲಿನ್ ನಗರವನ್ನು ತಲಪಿತು. ಮುಂದೆ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಘೋರ ಕ್ಷಾಮ ತಲೆದೋರಿದಾಗ, 1847ರಲ್ಲಿ ಪ್ಯಾರಿಸಿನ ಮುಖ್ಯ ಸಭೆಯು ಕರೆಯಿತ್ತು ಕೂಡಿಸಿದ ಹಣವು ಅಲ್ಲಿಯ ಶಾಖೆಗಳ ಮೂಲಕವೇ ಹಸಿದವರನ್ನು ಸೇರಿತು. ಆ ವರ್ಷ ಫ್ರಾನ್ಸಿನಲ್ಲಿಯೂ ಧಾನ್ಯದ ಬೆಲೆ ಏರಿ ಜನ ತತ್ತರಿಸುತ್ತಿದ್ದರೆಂಬುದನ್ನು ಮರೆಯಬಾರದು.

ಈ ನಡುವೆ ಓಜನಾಮರು ಕಾನೂನಿನಲ್ಲಿಯೂ ಸಾಹಿತ್ಯದಲ್ಲಿಯೂ ಡಾಕ್ಟರೇಟ್ ಗಳಿಸಿದರು. ದಾಂತೆ ಮಹಾಕವಿಯನ್ನು ಕುರಿತ ಅವರ ಅಧ್ಯಯನ ವಿದ್ವಾಂಸರ ಮನ್ನಣೆ ಪಡೆಯಿತು. 1841ರಲ್ಲಿ ಅಮೆಲಿ ಸೂಲಕ್ರುವಾ ಎಂಬ ಸದ್ಗುಣಿಯನ್ನು ವಿವಾಹವಾದರು. 1845ರಲ್ಲಿ ಮರಿ ಎಂಬ ಮಗಳು ಜನಿಸಿದಳು. 1844ರಲ್ಲಿ ಸೊರ್ಬೋನಿನಲ್ಲಿ ಪೂರ್ಣ ಪ್ರಾಧ್ಯಾಪಕರಾದರು. ಅವರು ಶ್ರೀಮಂತರಾಗಿರಲಿಲ್ಲ, ಆದರೂ ಆದಾಯದ ಹತ್ತನೆಯ ಒಂದಂಶವನ್ನು ಬಡವರಿಗೆ ಮೀಸಲಿಡುತ್ತಿದ್ದರೆಂದು ಹೇಳುತ್ತಾರೆ. ಒಂದು ಹೊಸವರ್ಷದ ದಿನ, ತಾವು ಭೇಟಿ ನೀಡುತ್ತಿದ್ದ ಕುಟುಂಬವು ಒಳ್ಳೆಯ ದಿನಗಳ ಕೊನೆಯ ಗುರುತಾಗಿದ್ದ ಮರದ ಪೆಟ್ಟಿಗೆಯನ್ನೂ ಒತ್ತೆಯಿಟ್ಟಿರುವ ವಿಷಯ ಅವರ ಮನಸ್ಸನ್ನು ಕೊರೆಯುತ್ತಿತ್ತು. ಅದನ್ನು ಬಿಡಿಸಿಕೊಡಬೇಕೆಂದರೆ, ಪತ್ನಿಯು ಖರ್ಚನ್ನು ಲೆಕ್ಕಹಾಕಿ ಬೇಡವೆಂದರು. ಸಂಜೆ ಮಗಳ ಸುತ್ತ ಉಡುಗೊರೆಗಳೂ ಸಿಹಿತಿಂಡಿಗಳೂ ತುಂಬಿದ್ದರೂ ಓಜನಾಮರು ಮಂಕಾಗಿ ಕುಳಿತಿದ್ದರು. ಅದನ್ನು ಕಂಡ ಪತ್ನಿಯೇ ಹೋಗಿಬನ್ನಿರೆಂದಾಗ ಎದ್ದು ಹೋಗಿ, ಪೆಟ್ಟಿಗೆಯನ್ನು ಬಿಡಿಸಿ ಆ ಮನೆಗೆ ಮುಟ್ಟಿಸಿ, ಹರ್ಷಚಿತ್ತರಾಗಿ ಹಿಂದಿರುಗಿದರು. ಗೃಹಸ್ಥರಾದ ನಮಗೆ ಇದು ಬಹು ಪರಿಚಿತವಾದ ತೊಳಲಾಟ.

ಮೆಟ್ಟಿಲುಗಳನ್ನು ಹತ್ತಿಹತ್ತಿ ಅವರು ಕಂಡುಕೊಂಡ ಸತ್ಯವೊಂದಿತ್ತು. ರೊಟ್ಟಿ ಒಯ್ದುಕೊಟ್ಟರೆ ಇಂದಿನ ಹಸಿವು ಹಿಂಗುತ್ತದೆ; ಹಸಿವನ್ನು ಹುಟ್ಟಿಸುವ ಅನ್ಯಾಯ ಹಾಗೆಯೇ ಉಳಿಯುತ್ತದೆ. 1840ರ ಸುಮಾರಿಗೆ ಲಿಯೋನಿನಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸುತ್ತಿದ್ದಾಗಲೇ, ಕೂಲಿಯು ದುಡಿಯುವವನ ಹೊಟ್ಟೆಬಟ್ಟೆಗೂ ಅವನ ಮಕ್ಕಳ ಶಿಕ್ಷಣಕ್ಕೂ ಮುಪ್ಪಿನ ಕಾಲಕ್ಕೂ ಸಾಲುವಂತಿರಬೇಕೆಂದು ಅವರು ಪ್ರತಿಪಾದಿಸಿದರು. ಹದಿಮೂರನೆಯ ಲಿಯೋ ಜಗದ್ಗುರುಗಳು ಕಾರ್ಮಿಕರ ಹಕ್ಕುಗಳನ್ನು ಕುರಿತ ಪ್ರಸಿದ್ಧ ವಿಶ್ವಪತ್ರವನ್ನು ಹೊರಡಿಸಿದುದು 1891ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

1848ರ ಫೆಬ್ರವರಿಯಲ್ಲಿ ಅರಸೊತ್ತಿಗೆ ಉರುಳಿತು. ನಿರುದ್ಯೋಗಿಗಳಿಗಾಗಿ ಸರಕಾರವು ತೆರೆದಿದ್ದ ರಾಷ್ಟ್ರೀಯ ಕಾರ್ಯಾಗಾರಗಳಲ್ಲಿ ಲಕ್ಷಕ್ಕೂ ಮಿಕ್ಕಿ ಜನ ಹೆಸರು ಬರೆಸಿದ್ದರು. ಜೂನಿನಲ್ಲಿ ಅವುಗಳನ್ನು ಮುಚ್ಚಲು ಹೊರಟಾಗ ಕಾರ್ಮಿಕರು ಬೀದಿಗಳಲ್ಲಿ ಅಡ್ಡಗಟ್ಟೆಗಳನ್ನು ಕಟ್ಟಿ ಹೋರಾಟಕ್ಕಿಳಿದರು. ಓಜನಾಮರು ರಾಷ್ಟ್ರೀಯ ರಕ್ಷಕದಳದ ಸಮವಸ್ತ್ರ ತೊಟ್ಟು ಕಾವಲು ನಿಲ್ಲಬೇಕಾಯಿತು. ಎದುರಿನಲ್ಲಿದ್ದವರೋ ತಾವು ರೊಟ್ಟಿ ಒಯ್ಯುತ್ತಿದ್ದ ಮನೆಗಳ ಜನರೇ. ಅವರೂ ಸ್ನೇಹಿತರಿಬ್ಬರೂ ಮಹಾಧರ್ಮಾಧ್ಯಕ್ಷ ಆಫ್ರ್ ಅವರ ಬಳಿಗೆ ಧಾವಿಸಿ, ಶಾಂತಿಯ ಮಧ್ಯಸ್ಥಿಕೆ ವಹಿಸಬೇಕೆಂದು ಬಿನ್ನವಿಸಿಕೊಂಡರು. ಮಹಾಧರ್ಮಾಧ್ಯಕ್ಷರು ಒಪ್ಪಿದರು, ಆದರೆ ಸಮವಸ್ತ್ರದವರು ಜೊತೆಗಿರುವುದು ಬೇಡವೆಂದು ಇವರನ್ನು ಹಿಂದಕ್ಕೆ ಕಳುಹಿಸಿದರು. ಜೂನ್ 25ರಂದು, ಶಾಂತಿಸೂಚಕವಾದ ಹಸಿರು ರೆಂಬೆ ಮುಂದೆ ಸಾಗುತ್ತಿರಲು, ಅಡ್ಡಗಟ್ಟೆಯ ಬಳಿ ಅವರಿಗೆ ಗುಂಡು ತಗುಲಿತು. ಎರಡು ದಿನಗಳ ಬಳಿಕ ಪ್ರಾಣಬಿಟ್ಟರು. ಅವರನ್ನು ಅಲ್ಲಿಗೆ ಹೋಗುವಂತೆ ಪ್ರೇರೇಪಿಸಿದ ಓಜನಾಮರ ಮನೋವ್ಯಥೆಯನ್ನು ನಾವು ಊಹಿಸಬಲ್ಲೆವು.

ದಂಗೆ ಅಡಗಿತು, ಹಸಿವು ಅಡಗಲಿಲ್ಲ. ಲಕೋರ್ದೇರ್ ಮತ್ತು ಮಾರೆ ಎಂಬ ಗುರುಗಳೊಂದಿಗೆ ಸೇರಿ ಆರಂಭಿಸಿದ್ದ ಹೊಸಯುಗ ಎಂಬರ್ಥದ ಹೆಸರಿನ ಪತ್ರಿಕೆಯಲ್ಲಿ ಓಜನಾಮರು, ಗೆದ್ದೆವೆಂದು ನಿಟ್ಟುಸಿರು ಬಿಟ್ಟಿದ್ದ ಉಳ್ಳವರನ್ನು ಎಚ್ಚರಿಸಿ ಬಡವರ ಬವಣೆಯನ್ನು ವಿವರವಾಗಿ ಬಣ್ಣಿಸಿದರು. ಸ್ವಧರ್ಮೀಯರಲ್ಲಿಯೇ ಬಹುಮಂದಿ ಮುನಿದರು. ಆಸ್ತಿವಂತರ ಶತ್ರುವೆಂಬ ಅಪವಾದವೂ ಬಂದಿತು. 1849ರಲ್ಲಿ ಪತ್ರಿಕೆ ಕೈಬಿಟ್ಟಿತು. ಅದೇ ವರ್ಷ ಕಾಲರಾ ಮರಳಿದಾಗ ಸಭೆಯ ಸದಸ್ಯರು ಸಿಸ್ಟರ್ ರೊಸಲಿಯವರ ಬೀದಿಗಳಲ್ಲಿ ರೋಗಿಗಳ ಶುಶ್ರೂಷೆಗೆ ನಿಂತರು. ಪತ್ರಿಕೆಯ ಸೋಲನ್ನು ಕಂಡು ಸೇವೆ ನಿಲ್ಲಲಿಲ್ಲ; ಸೇವೆ ನಡೆಯುತ್ತಿದೆಯೆಂದು ನ್ಯಾಯದ ಮಾತನ್ನು ಅವರು ಹಿಂತೆಗೆದುಕೊಳ್ಳಲೂ ಇಲ್ಲ.

ಮೊದಲಿನಿಂದಲೂ ದುರ್ಬಲವಾಗಿದ್ದ ದೇಹವು ಮೂತ್ರಪಿಂಡದ ಕಾಯಿಲೆಯಿಂದ ಜರ್ಜರಿತವಾಯಿತು. ಹವೆಯ ಬದಲಾವಣೆಗೆಂದು ಇಟಲಿಗೆ ಹೋದಾಗಲೂ ಪೀಸಾ, ಲಿವೋರ್ನೊ ಮುಂತಾದೆಡೆಗಳಲ್ಲಿ ಸಭೆಯ ಕೆಲಸಕ್ಕೆ ಓಡಾಡಿದರು. ಸ್ವದೇಶದ ನೆಲದಲ್ಲಿ ಕಣ್ಮುಚ್ಚಬೇಕೆಂಬ ಆಸೆಯಿಂದ ಹಡಗಿನಲ್ಲಿ ಮಾರ್ಸೇಲ್ಸ್ ಬಂದರಿಗೆ ಬಂದಿಳಿದ ಅವರು, 1853ರ ಸೆಪ್ಟೆಂಬರ್ 8ರಂದು ಕಡೆಯ ಸಂಸ್ಕಾರಗಳನ್ನು ಪಡೆದವರಾಗಿ ನಿಧನಹೊಂದಿದರು. ವಯಸ್ಸು ನಲವತ್ತು. ಪ್ಯಾರಿಸಿನ ಕಾರ್ಮೆಲ್ ಮಠದ ದೇವಾಲಯದ ನೆಲಮಾಳಿಗೆಯಲ್ಲಿ ಅವರ ಸಮಾಧಿಯಿದೆ. ಪತ್ನಿ ಅಮೆಲಿ ಮತ್ತೆ ನಾಲ್ಕು ದಶಕಗಳ ಕಾಲ ಬಾಳಿ 1894ರಲ್ಲಿ ತೀರಿಕೊಂಡರು. ಆರು ವಿದ್ಯಾರ್ಥಿಗಳ ಕೂಟವು ಇಂದು ಸುಮಾರು 150 ದೇಶಗಳಲ್ಲಿ ಸೇವೆ ಸಲ್ಲಿಸುತ್ತಿದೆ.

1997ರ ಆಗಸ್ಟ್ 22ರಂದು, ವಿಶ್ವ ಯುವಜನ ಸಮ್ಮೇಳನಕ್ಕೆ ಪ್ಯಾರಿಸಿಗೆ ಬಂದಿದ್ದ ಎರಡನೆಯ ಜಾನ್ ಪಾಲ್ ಜಗದ್ಗುರುಗಳು ನೋತ್ರ್ ದಾಮ್ ಮಹಾದೇವಾಲಯದಲ್ಲಿ ಓಜನಾಮರನ್ನು ಪುನೀತರೆಂದು ಘೋಷಿಸಿದರು. ಅವರು ಮೃತರಾದ ಸೆಪ್ಟೆಂಬರ್ 8 ಕನ್ಯಾಮರಿಯಮ್ಮನವರ ಜನನೋತ್ಸವ; ಕರಾವಳಿಯ ನಮ್ಮವರು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮಂದಿಯೆಲ್ಲ ಹಂಚಿಕೊಂಡು ಉಣ್ಣುವ ಮೊಂತಿ ಹಬ್ಬದ ದಿನ. ಆದುದರಿಂದ ಓಜನಾಮರ ಸ್ಮರಣೆಯನ್ನು ಮಾರನೆಯ ದಿನ, ಸೆಪ್ಟೆಂಬರ್ 9ರಂದು ಆಚರಿಸಲಾಗುತ್ತದೆ.