ಟಗರುಗಳ ಬೆದೆಗಾಲ ನೋಡಲು ಹಿಮದಲ್ಲೇ ಚಳಿಗಾಲ ಕಳೆದ ಚಾರ್ಲ್ಸ್ ಶೆಲ್ಡನ್

ಹಿಮದ ಬೆಟ್ಟದ ಮೇಲೆ ಎರಡು ಕಾಡು ಟಗರುಗಳು ಓಡಿಬಂದು ತಲೆಗೆ ತಲೆ ಡಿಕ್ಕಿ ಹೊಡೆಯುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಹೆಣ್ಣಿಗಾಗಿ ಇವು ಸಾಯುವವರೆಗೂ ಕಾದಾಡುತ್ತವೆ ಎಂಬ ಒಕ್ಕಣೆ ಜೊತೆಗಿರುತ್ತದೆ. ಊರ ಜಾತ್ರೆಯಲ್ಲಿ ಟಗರಿನ ಕಾಳಗ ನೋಡಿದವರು ಅದನ್ನು ಸುಲಭವಾಗಿ ನಂಬಿಬಿಡುತ್ತಾರೆ. ಆದರೆ ಕಾಡು ಕುರಿಗಳ ಬದುಕು ಹತ್ತು ಸೆಕೆಂಡಿನ ವಿಡಿಯೊದಲ್ಲಿ ಸಿಗುವಂಥದ್ದಲ್ಲ. ಅದನ್ನು ತಿಳಿಯಲು ನೂರು ವರ್ಷಕ್ಕೂ ಹಿಂದೆ ಒಬ್ಬರು ಅಲಾಸ್ಕದ ಬೆಟ್ಟಗಳಲ್ಲಿ ಇಡೀ ಚಳಿಗಾಲ ಕಳೆದಿದ್ದರು. ಅವರೇ ಅಮೆರಿಕದ ಚಾರ್ಲ್ಸ್ ಶೆಲ್ಡನ್.

ಗಣಿಯಿಂದ ಬೆಟ್ಟಕ್ಕೆ

ಶೆಲ್ಡನ್ ಹುಟ್ಟಿದ್ದು 1867ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ರಟ್‌ಲ್ಯಾಂಡ್ ಊರಿನಲ್ಲಿ. 1890ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಮುಂದೆ ಮೆಕ್ಸಿಕೊದಲ್ಲಿದ್ದಾಗ ಗಣಿ ವ್ಯವಹಾರದಲ್ಲಿ ಹಾಕಿದ ಹಣ ಕೈಹಿಡಿಯಿತು. ಅಲ್ಲಿನ ಒಣ ಬೆಟ್ಟಗಳಲ್ಲಿ ಕಾಡು ಕುರಿಗಳನ್ನು ನೋಡಿದ ಮೇಲೆ ಅವುಗಳ ಗೀಳು ಹತ್ತಿತು. ಮೂವತ್ತೈದು ದಾಟುತ್ತಿದ್ದಂತೆ, 1903ರಲ್ಲಿ, ದುಡಿಮೆಗೆ ವಿದಾಯ ಹೇಳಿ ಉಳಿದ ಆಯುಷ್ಯವನ್ನು ಕುರಿಗಳ ಅಧ್ಯಯನಕ್ಕೆ ಮೀಸಲಿಟ್ಟರು.

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಶೆಲ್ಡನ್ ಬೇಟೆಗಾರರೂ ಆಗಿದ್ದರು. ಅಂದಿನ ಪ್ರಾಣಿಶಾಸ್ತ್ರ ನಡೆಯುತ್ತಿದ್ದುದೇ ಕೊಂದ ಪ್ರಾಣಿಗಳ ಚರ್ಮ ಮತ್ತು ತಲೆಬುರುಡೆಗಳನ್ನು ಹೋಲಿಸಿ. ಅವರೂ ಅಂಥ ಮಾದರಿಗಳನ್ನು ಸಂಗ್ರಹಿಸಿದರು. ಆದರೆ ಬಂದೂಕಿನ ಜೊತೆಗೆ ದುರ್ಬೀನು, ಕ್ಯಾಮೆರಾ ಮತ್ತು ದಿನಚರಿ ಪುಸ್ತಕವನ್ನೂ ಒಯ್ಯುತ್ತಿದ್ದರು. ಇಂದು ಬೆಲೆ ಬಾಳುತ್ತಿರುವುದು ಆ ದಿನಚರಿಯೇ.

ಬಿಳಿ ಕುರಿ, ಕಪ್ಪು ಕುರಿ

1904ರಲ್ಲಿ ಅವರು ಕೆನಡಾದ ಯೂಕಾನ್ ಪ್ರದೇಶಕ್ಕೆ ಹೋದರು. ಉತ್ತರದ ಡಾಲ್ ಕುರಿಗಳು ಅಚ್ಚ ಬಿಳಿ. ದಕ್ಷಿಣದ ಸ್ಟೋನ್ ಕುರಿಗಳು ಕಪ್ಪು ಛಾಯೆಯವು. ನಡುವೆ ಬೂದು ಬಣ್ಣದ ಇನ್ನೊಂದು ಕುರಿ ಕಾಣುತ್ತಿತ್ತು. ಅದನ್ನು ಕೆಲವರು ಬೇರೆಯೇ ಜಾತಿ ಎಂದುಕೊಂಡು ಫ್ಯಾನಿನ್ ಕುರಿ ಎಂದು ಹೆಸರಿಟ್ಟಿದ್ದರು.

ಶೆಲ್ಡನ್ ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ ನಡೆದು ಹಿಂಡುಗಳನ್ನು ನೋಡಿದರು. ಬಣ್ಣ ಒಮ್ಮೆಲೇ ಬದಲಾಗುತ್ತಿರಲಿಲ್ಲ, ಬಿಳಿಯಿಂದ ಕಪ್ಪಿಗೆ ಮೆಲ್ಲಮೆಲ್ಲನೆ ಸಾಗುತ್ತಿತ್ತು. ಅಂದರೆ ಬೂದು ಕುರಿ ಬೇರೆ ಜಾತಿಯಲ್ಲ, ಎರಡರ ನಡುವಿನ ಛಾಯೆ ಮಾತ್ರ. ಒಂದು ಚರ್ಮ ನೋಡಿ ತೀರ್ಮಾನ ಮಾಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಚಳಿಗಾಲವೇ ಏಕೆ?

1906ರ ಬೇಸಿಗೆಯಲ್ಲಿ ಅವರು ಅಲಾಸ್ಕದ ಡೆನಾಲಿ ಪರ್ವತದ ಉತ್ತರ ಭಾಗಕ್ಕೆ ಬಂದರು. 6,190 ಮೀಟರ್ ಎತ್ತರದ ಇದು ಉತ್ತರ ಅಮೆರಿಕದ ಅತಿ ಎತ್ತರದ ಶಿಖರ. ಡಾಲ್ ಕುರಿಗಳನ್ನು ಬೇಸಿಗೆಯಲ್ಲಿ ಮಾತ್ರ ನೋಡಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ ಎಂಬುದು ಅವರಿಗೆ ಅರಿವಾಯಿತು. ವರ್ಷದ ಬಹುಪಾಲು ಟಗರುಗಳ ಗುಂಪೇ ಬೇರೆ, ಹೆಣ್ಣು ಮತ್ತು ಮರಿಗಳ ಗುಂಪೇ ಬೇರೆ. ಅವು ಒಂದೆಡೆ ಸೇರುವುದು ಬೆದೆಗಾಲದಲ್ಲಿ, ಅಂದರೆ ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲಿ.

ಹಾಗಾಗಿ 1907ರ ಆಗಸ್ಟ್‌ನಲ್ಲಿ ಮರಳಿ ಬಂದ ಶೆಲ್ಡನ್, ಟೋಕ್ಲಾಟ್ ನದಿಯ ದಡದಲ್ಲಿ ಮರದ ದಿಮ್ಮಿಗಳ ಗುಡಿಸಲು ಕಟ್ಟಿಕೊಂಡರು. 1908ರ ಜೂನ್‌ವರೆಗೆ ಅದೇ ಅವರ ಮನೆ. ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಇರುವುದೇ ನಾಲ್ಕೈದು ತಾಸು. ಉಷ್ಣಾಂಶ ಮೈನಸ್ 40 ಡಿಗ್ರಿಗೆ ಇಳಿಯುವುದೂ ಉಂಟು. ಅಂದಿನ ಕ್ಯಾಮೆರಾಗಳಿಗೆ ಒಳ್ಳೆಯ ಬೆಳಕು ಬೇಕಿತ್ತು, ದೂರದ ಪ್ರಾಣಿ ಚಿತ್ರದಲ್ಲಿ ಚುಕ್ಕೆಯಂತೆ ಮೂಡುತ್ತಿತ್ತು. ಕುರಿಗಳ ಕಣ್ಣೋ ಬಲು ಚುರುಕು. ಚಿತ್ರ ತೆಗೆಯಲು ತಾಳ್ಮೆಗಿಂತ ಬೇರೆ ಉಪಾಯವೇ ಇರಲಿಲ್ಲ.

ಟಗರುಗಳು ನಿಜವಾಗಿ ಏನು ಮಾಡುತ್ತವೆ?

ಕಾಡು ಕುರಿಗಳನ್ನು ಇಂದಿನವರೆಗೆ ಅಧ್ಯಯನ ಮಾಡಿದವರಿಂದ ನಮಗೆ ಗೊತ್ತಾಗಿರುವುದು ಇಷ್ಟು.

ಮೊದಲನೆಯದು, ಡಿಕ್ಕಿ ಹೊಡೆಯುವುದು ಒಂದು ಹೆಣ್ಣನ್ನು ಗೆಲ್ಲಲು ಅಲ್ಲ, ಗಂಡುಗಳಲ್ಲಿ ಯಾರು ಮೇಲು ಎಂದು ನಿರ್ಧರಿಸಲು. ಇದು ವರ್ಷವಿಡೀ ಆಗೀಗ ನಡೆಯುತ್ತದೆ. ಬೆದೆಗಾಲಕ್ಕೆ ಸ್ವಲ್ಪ ಮುಂಚೆ, ಸಮಬಲದ ಅಪರಿಚಿತ ಟಗರುಗಳು ಎದುರಾದಾಗ ಹೆಚ್ಚುತ್ತದೆ. ಕೊಂಬು ಬಹಳ ಚಿಕ್ಕದಿರುವ ಟಗರು ದೊಡ್ಡ ಕೊಂಬಿನದರ ತಂಟೆಗೆ ಹೋಗುವುದು ಕಡಿಮೆ. ಸಾವಿನಲ್ಲಿ ಮುಗಿಯುವ ಕಾಳಗ ಅಪರೂಪ.

ಎರಡನೆಯದು, ಜಿಂಕೆ ಮತ್ತು ಕಡವೆಗಳ ಕೊಂಬಿನಂತೆ ಕುರಿಯ ಕೊಂಬು ಉದುರಿ ಮತ್ತೆ ಬರುವುದಿಲ್ಲ. ಅದು ಜೀವನಪೂರ್ತಿ ಬೆಳೆಯುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗಿ ಒಂದು ಉಂಗುರ ಮೂಡುತ್ತದೆ. ಅದನ್ನು ಎಣಿಸಿದರೆ ವಯಸ್ಸು ಸಿಗುತ್ತದೆ.

ಮೂರನೆಯದು, ಕೊರೆಯುವ ಚಳಿಯಲ್ಲೇ ಕೂಡುವುದಕ್ಕೂ ಲೆಕ್ಕವಿದೆ. ಗರ್ಭದ ಅವಧಿ ಸುಮಾರು 170 ದಿನ. ಡಿಸೆಂಬರ್‌ನಲ್ಲಿ ಕೂಡಿದರೆ ಮರಿ ಹುಟ್ಟುವುದು ಮೇ ಕೊನೆ ಅಥವಾ ಜೂನ್‌ನಲ್ಲಿ, ಹೊಸ ಹುಲ್ಲು ಚಿಗುರುವ ಹೊತ್ತಿಗೆ. ಬೇಗ ಹುಟ್ಟಿದರೆ ಮರಿಗೆ ಚಳಿಯ ಕಾಟ. ತಡವಾದರೆ ಮುಂದಿನ ಚಳಿಗಾಲದೊಳಗೆ ಮೈ ತುಂಬಿಕೊಳ್ಳಲು ಸಮಯ ಸಾಲದು.

ಮಾಂಸದ ಅಂಗಡಿಯಿಂದ ಉಳಿದ ಕುರಿಗಳು

1905ರಲ್ಲಿ ಡೆನಾಲಿ ಬಳಿಯ ಕಾಂಟಿಷ್ನಾದಲ್ಲಿ ಚಿನ್ನ ಸಿಕ್ಕಿತ್ತು. ಗಣಿಗಾರರಿಗೂ ಫೇರ್‌ಬ್ಯಾಂಕ್ಸ್ ಪಟ್ಟಣದವರಿಗೂ ಮಾಂಸ ಮಾರಲು ಬೇಟೆಗಾರರು ಕುರಿಗಳನ್ನು ಹೊಡೆದು ಸಾಗಿಸುತ್ತಿದ್ದರು. ರೈಲು ಬಂದರೆ ಹಿಂಡುಗಳೇ ಮುಗಿದುಹೋಗುತ್ತವೆ ಎಂಬ ಆತಂಕ ಶೆಲ್ಡನ್ ಅವರದು. ಗುಡಿಸಲಲ್ಲಿದ್ದಾಗಲೇ, 1908ರ ಜನವರಿಯಲ್ಲಿ, ಇಲ್ಲೊಂದು ರಾಷ್ಟ್ರೀಯ ಉದ್ಯಾನ ಆಗಬೇಕೆಂಬ ಆಲೋಚನೆಯನ್ನು ಬರೆದಿಟ್ಟರು.

ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ಅದರ ಬೆನ್ನು ಬಿದ್ದರು. 1914ರಲ್ಲಿ ಅಲಾಸ್ಕ ರೈಲು ಮಾರ್ಗಕ್ಕೆ ಒಪ್ಪಿಗೆ ಸಿಕ್ಕಾಗ ಕೆಲಸ ಚುರುಕಾಯಿತು. ಕೊನೆಗೆ 1917ರ ಫೆಬ್ರವರಿ 26ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಮಸೂದೆಗೆ ಸಹಿ ಹಾಕಿದರು. ಶೆಲ್ಡನ್ ಅವರ ಜೊತೆ ಬೆಟ್ಟ ಸುತ್ತಿದ್ದ ಹ್ಯಾರಿ ಕಾರ್ಸ್ಟೆನ್ಸ್ ಅವರೇ ಮುಂದೆ ಉದ್ಯಾನದ ಮೊದಲ ಮೇಲ್ವಿಚಾರಕರಾದರು. ಆಗ ಮೌಂಟ್ ಮೆಕಿನ್ಲಿ ಎಂದಿದ್ದ ಉದ್ಯಾನದ ಹೆಸರು 1980ರಲ್ಲಿ ಡೆನಾಲಿ ಎಂದು ಬದಲಾಯಿತು. ಅಷ್ಟರಲ್ಲಿ ಶೆಲ್ಡನ್ ತೀರಿಹೋಗಿ ಐವತ್ತು ವರ್ಷ ದಾಟಿತ್ತು. 1928ರಲ್ಲಿ ಅವರು ನಿಧನರಾದಾಗ ವಯಸ್ಸು 60. ಅವರ ಡೆನಾಲಿ ದಿನಚರಿ ಪುಸ್ತಕವಾಗಿ ಬಂದದ್ದೂ ಅವರ ನಂತರವೇ, 1930ರಲ್ಲಿ.

ನಾವು ನೆನಪಿಡಬೇಕಾದ್ದು

ಬೆದೆಗಾಲದಲ್ಲಿ ಟಗರು ಸರಿಯಾಗಿ ಮೇಯುವುದಿಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ, ಮುಂದೆ ಇನ್ನೂ ತಿಂಗಳುಗಟ್ಟಲೆ ಹಿಮ. ಆಗ ಫೋಟೊಗಾಗಿ ಹತ್ತಿರ ಹೋಗಿ ಅದನ್ನು ಓಡಿಸಿದರೆ, ಅದು ಉಳಿಸಿಕೊಂಡಿದ್ದ ಶಕ್ತಿಯನ್ನು ನಾವು ಕಿತ್ತುಕೊಂಡಂತೆ.

ಇದು ಅಲಾಸ್ಕದ ಮಾತಷ್ಟೇ ಅಲ್ಲ. ನಮ್ಮ ಲಡಾಖ್ ಮತ್ತು ಸ್ಪಿತಿಯ ನೀಲಿ ಕುರಿಗಳಿಗೂ, ಅಂದರೆ ಭರಲ್‌ಗಳಿಗೂ, ಚಳಿಗಾಲವೇ ಬೆದೆಗಾಲ. ಹಿಮಚಿರತೆ ನೋಡಲು ಪ್ರವಾಸಿಗರು ಹೋಗುವುದೂ ಚಳಿಗಾಲದಲ್ಲೇ. ನೀವು ಹೋದರೆ ಒಂದು ಸರಳ ನಿಯಮ ಪಾಲಿಸಿ: ಮೇಯುತ್ತಿದ್ದ ಪ್ರಾಣಿ ತಲೆಯೆತ್ತಿ ನಿಮ್ಮನ್ನೇ ನೋಡತೊಡಗಿದರೆ ನೀವು ಆಗಲೇ ತೀರಾ ಹತ್ತಿರ ಬಂದಿದ್ದೀರಿ. ಅಲ್ಲೇ ನಿಲ್ಲಿ, ಮೆಲ್ಲಗೆ ಹಿಂದೆ ಸರಿಯಿರಿ. ಫೋಟೊ ಚಿಕ್ಕದಾಗಿ ಬಂದರೂ ಪರವಾಗಿಲ್ಲ.

ಇನ್ನು ಟಗರುಗಳ ಆ ವಿಡಿಯೊ ಮತ್ತೆ ಬಂದರೆ ಕಳುಹಿಸಬಾರದು ಎಂದು ನಾವು ಹೇಳುವುದಿಲ್ಲ. ಸಾಯುವವರೆಗೂ ಕಾದಾಟ ಎಂಬ ಒಕ್ಕಣೆಯನ್ನು ತೆಗೆದು ಕಳುಹಿಸಿ, ಸಾಕು.