ಸಮೋವಾ ದ್ವೀಪದ ಕಥೆಗಾರನು

ಸಮುದ್ರತೀರದ ಸಣ್ಣ ಪಟ್ಟಣವೊಂದರ ಬಳಿಯಲ್ಲಿ, ತೆಂಗುಬಾಳೆಗಳ ನೆರಳಿನಲ್ಲಿ, ಒಂದು ಮನೆಯನ್ನು ಕಟ್ಟಿಕೊಂಡು ಸುಖವಾಗಿರಬೇಕೆಂದು ಆಶಿಸುವವರು ಅನೇಕರುಂಟು. ಗಾಳಿ ಒಳ್ಳೇದು, ನೀರು ಒಳ್ಳೇದು, ಕಣ್ಣಿಗೆ ಹಸುರು ತುಂಬಿದೆ ಎಂದು ಅವರು ದೂರದಿಂದ ಬಂದು ನೆಲೆಸುತ್ತಾರೆ. ಆದರೆ ಹೀಗೆ ಬಂದವನನ್ನು ಆ ಊರು ತನ್ನವನೆಂದು ಎಣಿಸುವದು ಯಾವಾಗ? ಭೂಮಿಯ ಕ್ರಯವನ್ನು ಎಣಿಸಿಕೊಟ್ಟ ದಿನದಲ್ಲಿಯೋ? ಮನೆಯ ಮಾಡು ಏರಿದ ದಿನದಲ್ಲಿಯೋ? ನಮ್ಮ ಹಳ್ಳಿಗಳಲ್ಲಿಯೂ ವಲಸೆ ಬಂದವರು ಇರುವದರಿಂದ ಈ ಪ್ರಶ್ನೆಯು ನಮಗೆ ಹೊರತಾದದ್ದಲ್ಲ. ಆದಕಾರಣ ರಾಬರ್ಟ್ ಲೂಯಿ ಸ್ಟೀವನ್ಸನ್ ಎಂಬ ಸ್ಕಾಟ್ಲೆಂಡಿನ ಗ್ರಂಥಕರ್ತನ ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇವೆ.

ಸ್ಟೀವನ್ಸನ್ನನು 1850ನೆಯ ನವೆಂಬರ್ 13ರಲ್ಲಿ ಎಡಿನ್‌ಬರೋ ಪಟ್ಟಣದಲ್ಲಿ ಹುಟ್ಟಿದನು. ಅವನ ಅಜ್ಜನೂ ತಂದೆಯೂ ಹಡಗುಗಳಿಗೆ ದಾರಿ ತೋರಿಸುವ ದೀಪಸ್ತಂಭಗಳನ್ನು ಕಟ್ಟುವ ಶಿಲ್ಪಿಗಳಾಗಿದ್ದರು. ಸಮುದ್ರದ ನಡುವೆ ಬೆಲ್ ರಾಕ್ ಎಂಬ ಬಂಡೆಯ ಮೇಲಿರುವ ಪ್ರಸಿದ್ಧ ದೀಪಸ್ತಂಭವನ್ನು ಕಟ್ಟಿಸಿದವನು ಆ ಅಜ್ಜನೇ. ತಾಯಿಯು ಒಬ್ಬ ಸಭಾಪಾಲಕನ ಮಗಳು. ಹುಡುಗನು ಚಿಕ್ಕಂದಿನಿಂದಲೇ ಎದೆಯ ಬೇನೆಯುಳ್ಳವನು. ಎಡಿನ್‌ಬರೋವಿನ ಶೀತಗಾಳಿಗೆ ಕೆಮ್ಮುತ್ತಾ ಅನೇಕ ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆಯುವನು. ಆಗ ಅಲಿಸನ್ ಕನ್ನಿಂಗ್‌ಹ್ಯಾಮ್ ಎಂಬ ದಾದಿಯು ಹಾಸಿಗೆಯ ಬಳಿಯಲ್ಲಿ ಕೂತು ಸತ್ಯವೇದದ ಕಥೆಗಳನ್ನೂ, ವಿಶ್ವಾಸಕ್ಕಾಗಿ ಹಿಂಸೆಪಟ್ಟ ಸ್ಕಾಟ್ ಜನರ ಕಥೆಗಳನ್ನೂ ಹೇಳಿ ಅವನನ್ನು ಸಂತೈಸುವಳು. ಮುಂದೆ 1885ರಲ್ಲಿ ಮಕ್ಕಳಿಗಾಗಿ ಪದ್ಯಗಳ ಪುಸ್ತಕವನ್ನು ಪ್ರಕಟಿಸಿದಾಗ ಅವನು ಅದನ್ನು ಈ ದಾದಿಗೇ ಅರ್ಪಿಸಿದನು.

ತಂದೆಯು ಮಗನನ್ನು ತನ್ನ ಕಸುಬಿಗೆ ತರಬೇಕೆಂದಿದ್ದನು. ಮಗನಿಗಾದರೋ ಬರವಣಿಗೆಯ ಮೇಲೆ ಮನಸ್ಸು. ಕಡೆಗೆ ನ್ಯಾಯಶಾಸ್ತ್ರವನ್ನು ಓದಿ 1875ರಲ್ಲಿ ವಕೀಲನಾದರೂ ಆ ಕೆಲಸವನ್ನು ನಡಿಸಲಿಲ್ಲ. ಯೌವನದಲ್ಲಿ ಅವನು ಹೆತ್ತವರ ವಿಶ್ವಾಸವನ್ನು ತಾನು ಒಪ್ಪಲಾರೆನೆಂದು ಹೇಳಿದ್ದರಿಂದ ಮನೆಯಲ್ಲಿ ಬಹಳ ದುಃಖವುಂಟಾಯಿತು. ಇದನ್ನು ಮರೆಮಾಡುವದು ಚರಿತ್ರೆ ಬರೆಯುವವರಿಗೆ ತಕ್ಕದ್ದಲ್ಲ. ಆದರೆ ತಂದೆತಾಯಿಗಳು ಅವನನ್ನು ಕೈಬಿಡಲಿಲ್ಲ; ಅವನೂ ಅವರನ್ನು ಪ್ರೀತಿಸುವದನ್ನು ಬಿಡಲಿಲ್ಲ.

1880ರಲ್ಲಿ ಸಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಫ್ಯಾನಿ ಆಸ್‌ಬರ್ನ್ ಎಂಬ ಅಮೇರಿಕಾದ ಸ್ತ್ರೀಯನ್ನು ಮದುವೆಯಾದನು. 1883ರಲ್ಲಿ ಟ್ರೆಷರ್ ಐಲೆಂಡ್ ಎಂಬ ನಿಧಿಯ ದ್ವೀಪದ ಕಥೆಯು ಪುಸ್ತಕವಾಗಿ ಹೊರಟು ಅವನ ಹೆಸರನ್ನು ಎಲ್ಲೆಡೆ ಹಬ್ಬಿಸಿತು. ಕೀರ್ತಿ ಬೆಳೆಯಿತು, ದೇಹವು ಕ್ಷೀಣಿಸಿತು. ಬಾಯಿಂದ ರಕ್ತ ಬೀಳುವದು; ಮಾತಾಡಬಾರದೆಂಬ ಆಜ್ಞೆಯಿಂದ ವಾರಗಟ್ಟಲೆ ಹಾಸಿಗೆಯಲ್ಲಿ ಮೌನವಾಗಿರುವನು; ಆಗಲೂ ಬರೆಯುವನು. 1887ರಲ್ಲಿ ತಂದೆ ತೀರಿಹೋದ ಮೇಲೆ ಅವನು ಕುಟುಂಬದೊಂದಿಗೆ ಸ್ವದೇಶವನ್ನು ಬಿಟ್ಟು ಅಮೇರಿಕಾಕ್ಕೆ ಹೊರಟನು. ಸ್ಕಾಟ್ಲೆಂಡನ್ನು ಅವನು ಮತ್ತೆ ಕಾಣಲೇ ಇಲ್ಲ.

1888ರ ಜೂನ್ ತಿಂಗಳಲ್ಲಿ ಒಂದು ಹಾಯಿಹಡಗನ್ನು ಗೊತ್ತುಮಾಡಿಕೊಂಡು ಶಾಂತಸಾಗರದ ದ್ವೀಪಗಳಿಗೆ ಹೊರಟನು. ಉಪ್ಪುಗಾಳಿಯು ಅವನ ಎದೆಗೆ ಔಷಧಕ್ಕಿಂತ ಹೆಚ್ಚಿನ ಗುಣವನ್ನು ಕೊಟ್ಟಿತು. ಮಾರ್ಕೆಸಾಸ್, ತಾಹಿತಿ, ಹವಾಯಿ ಎಂಬ ದ್ವೀಪಗಳಲ್ಲಿ ಸಂಚರಿಸಿದನು. 1889ರಲ್ಲಿ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ವಸತಿಗೆ ಹೋಗಿ ಕೆಲವು ದಿನ ತಂಗಿ, ಅಲ್ಲಿಯ ಹೆಣ್ಣುಮಕ್ಕಳ ಸಂಗಡ ಆಡಿದನು. ಅದೇ ವರುಷದ ಡಿಸೆಂಬರ್ ತಿಂಗಳಲ್ಲಿ ಸಮೋವಾ ದೇಶದ ಉಪೋಲು ದ್ವೀಪಕ್ಕೆ ಬಂದು ಆಪಿಯಾ ಎಂಬ ಸಣ್ಣ ರೇವುಪಟ್ಟಣದಲ್ಲಿ ಇಳಿದನು. ಸ್ವಲ್ಪ ಕಾಲವಿದ್ದು ಮುಂದಕ್ಕೆ ಹೋಗಬೇಕೆಂಬದು ಅವನ ಎಣಿಕೆ. ಆದರೆ ಮುಂದಿನ ವರುಷದಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಪಟ್ಟಣಕ್ಕೆ ಹೋದ ಕೂಡಲೇ ಹಳೇ ಬೇನೆ ತಿರಿಗಿ ಮೇಲೆಬಿದ್ದಿತು. ಶೀತದೇಶದಲ್ಲಿ ತನಗೆ ಇನ್ನು ಬಾಳುವೆಯಿಲ್ಲವೆಂದು ಅವನು ತಿಳಿದನು. ಬದುಕುವದಾದರೆ ಆ ಬೆಚ್ಚಗಿನ ದ್ವೀಪಗಳಲ್ಲಿಯೇ ಬದುಕಬೇಕು.

ಆಪಿಯಾದಿಂದ ಮೂರು ಮೈಲು ದೂರ, ವಾಯೆಯಾ ಎಂಬ ಬೆಟ್ಟದ ತಪ್ಪಲಲ್ಲಿ, ಅವನು 1890ರ ಆರಂಭದಲ್ಲಿಯೇ ಮುನ್ನೂರು ಎಕರೆಗಿಂತ ಹೆಚ್ಚು ಕಾಡುಭೂಮಿಯನ್ನು ಕೊಂಡಿದ್ದನು. ಅದರ ಹೆಸರು ವಾಯ್ಲಿಮಾ. ಆ ನಾಡಿನ ಚೆಲುವು ನಮ್ಮ ಕರಾವಳಿಯ ವಾಚಕರಿಗೆ ಅಪರಿಚಿತವಲ್ಲ. ತೆಂಗು, ಬಾಳೆ, ಕೆಸು, ಜೀಗುಜ್ಜೆ ಇವೇ ಅಲ್ಲಿಯ ಜನರ ಆಹಾರ, ಮಳೆಯು ಧಾರಾಳ, ತೊರೆಗಳು ಬೆಟ್ಟದಿಂದ ಹಾರಿ ಬೀಳುವವು, ಕಡಿದ ಕಾಡು ಕೆಲವೇ ವಾರಗಳಲ್ಲಿ ತಿರಿಗಿ ಚಿಗುರುವದು. ಆ ವರುಷದ ಕಡೆಯಲ್ಲಿ ಸ್ಟೀವನ್ಸನ್ನನೂ ಅವನ ಹೆಂಡತಿಯೂ ಒಂದು ಚಿಕ್ಕ ಬಿಡಾರದಲ್ಲಿದ್ದುಕೊಂಡು ಕೆಲಸಕ್ಕೆ ಕೈಹಾಕಿದರು. ಫ್ಯಾನಿಯು ತೋಟವನ್ನು ಬೆಳಿಸಿದಳು. ಹಾಸಿಗೆಯಿಂದ ಏಳಲಾರದೆ ಇದ್ದ ಆ ರೋಗಿಯು ಕೈಯಲ್ಲಿ ಕತ್ತಿ ಹಿಡಿದು, ಮಳೆಯಲ್ಲಿ ನೆನೆದು, ಕೆಸರಿನಲ್ಲಿ ನಿಂತು ಕಳೆಗಳನ್ನು ಕಡಿಯುವನು. ಕುದುರೆ ಹತ್ತಿ ಪಟ್ಟಣಕ್ಕೆ ಹೋಗಿಬರುವನು. ಬಳಿಕ ಮರದ ಹಲಿಗೆಗಳಿಂದ ದೊಡ್ಡ ಮನೆಯನ್ನು ಕಟ್ಟಿಸಿದರು. ವಿಧವೆಯಾದ ತಾಯಿಯೂ ಬಂದು ಸೇರಿದಳು. ಸೆಕೆಯ ದೇಶವಾದಾಗ್ಯೂ ಆ ಮನೆಯಲ್ಲಿ ಚಳಿ ಕಾಯಿಸಿಕೊಳ್ಳುವ ಒಲೆಯೊಂದನ್ನು ಇಡಿಸಿದನು. ಅದರ ಅವಶ್ಯವೇನೂ ಅಲ್ಲಿರಲಿಲ್ಲ. ಬಿಟ್ಟುಬಂದ ಸ್ವದೇಶದ ನೆನಪು ಅದರಲ್ಲಿ ಉರಿಯುತ್ತಿತ್ತೆಂದು ನಾವು ತಿಳಿಯುತ್ತೇವೆ.

ಇಷ್ಟೇ ಆಗಿದ್ದರೆ ಒಬ್ಬ ಧನವಂತ ಪರದೇಶಿಯು ಒಳ್ಳೇ ಹವೆಯನ್ನು ಕೊಂಡುಕೊಂಡನೆಂದು ಹೇಳಿ ಈ ಚರಿತ್ರೆಯನ್ನು ಮುಗಿಸಬಹುದಿತ್ತು. ಆ ಕಾಲದಲ್ಲಿ ಸಮೋವಾದ ಮುಖ್ಯ ಸಂಕಟವು ಭೂಮಿಯದೇ. ಪರದೇಶದವರು ತಮ್ಮದೆಂದು ವಾದಿಸಿದ ಭೂಮಿಯನ್ನೆಲ್ಲ ಕೂಡಿಸಿದರೆ ಅದು ಆ ದ್ವೀಪಗಳ ಒಟ್ಟು ವಿಸ್ತೀರ್ಣಕ್ಕಿಂತಲೂ ಹೆಚ್ಚಾಗುತ್ತಿತ್ತು! ಜರ್ಮನಿ, ಇಂಗ್ಲೆಂಡ್, ಅಮೇರಿಕಾ ಎಂಬ ಮೂರು ರಾಜ್ಯಗಳು 1889ರಲ್ಲಿ ಬರ್ಲಿನ್ ಪಟ್ಟಣದಲ್ಲಿ ಒಡಂಬಡಿಕೆ ಮಾಡಿಕೊಂಡು, ಲಾವುಪೆಪಾ ಎಂಬವನನ್ನು ಅರಸನನ್ನಾಗಿ ಒಪ್ಪಿ, ಅಧಿಕಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡವು. ಜನರಲ್ಲಿ ಅನೇಕರ ಮನಸ್ಸು ಮಾತಾಫಾ ಎಂಬ ಮತ್ತೊಬ್ಬ ಮುಖ್ಯಸ್ಥನ ಕಡೆಗಿತ್ತು. ಮನೆಯು ಎರಡಾಗಿ ಒಡೆದಿರುವಾಗ ಹೊರಗಿನವನಿಗೆ ಲಾಭವಾಗುವದು ಲೋಕದಲ್ಲೆಲ್ಲ ಇದ್ದದ್ದೇ.

ಸ್ಟೀವನ್ಸನ್ನನು ಸುಮ್ಮನಿರಬಹುದಾಗಿತ್ತು. ತನ್ನ ಪುಸ್ತಕಗಳ ಹಣ ಬರುತ್ತಿತ್ತು; ತನ್ನ ಬೇಲಿ ಭದ್ರವಾಗಿತ್ತು. ಆದರೆ ನೆರೆಯವನ ಮನೆಗೆ ಬೆಂಕಿ ಬಿದ್ದಿರುವಾಗ ಅವನು ಬಾಗಿಲು ಮುಚ್ಚಿಕೊಳ್ಳಲಿಲ್ಲ. ಮೊದಲು ಜನರ ಭಾಷೆಯನ್ನು ಕಲಿತನು. ಲಂಡನ್ ಮಿಶನಿನ ವಿಟ್ಮೀ ಎಂಬ ಮಿಶನರಿಯ ಬಳಿಯಲ್ಲಿ ಶಿಷ್ಯನಂತೆ ಪಾಠ ಹೇಳಿಸಿಕೊಂಡನು. ಜನರು ಅವನನ್ನು ಟೂಸಿಟಾಲಾ, ಅಂದರೆ ಕಥೆ ಬರೆಯುವವನು, ಎಂದು ಕರೆದರು. ಅಲ್ಲಿಯ ಸಭೆಗಳಿಗಾಗಿ ಮಿಶನ್ ಪ್ರಕಟಿಸುತ್ತಿದ್ದ ಓ ಲೆ ಸುಲು ಸಮೋವಾ ಎಂಬ ಪತ್ರಿಕೆಯಲ್ಲಿ 1891ರಲ್ಲಿ ಅವನ ಒಂದು ಕಥೆಯು ಸಮೋವಾ ಭಾಷೆಯಲ್ಲಿ ಅಚ್ಚಾಯಿತು. ಬೇಡಿದ್ದನ್ನೆಲ್ಲ ಕೊಟ್ಟು ಕಡೆಗೆ ಆತ್ಮವನ್ನೇ ನುಂಗುವ ಒಂದು ಸೀಸೆಯ ಕಥೆ ಅದು. ಕಲ್ಪಿತ ಕಥೆಗಳ ವಾಡಿಕೆಯಿಲ್ಲದ ಓದುಗರಲ್ಲಿ ಕೆಲವರು ಅದನ್ನು ನಿಜವೆಂದೇ ಎಣಿಸಿ, ಆ ಸೀಸೆಯು ವಾಯ್ಲಿಮಾದ ಕಬ್ಬಿಣದ ಪೆಟ್ಟಿಗೆಯಲ್ಲಿ ಇದೆಯೆಂದು ನಂಬಿದ್ದರೆಂದು ಹೇಳುತ್ತಾರೆ. ನಮ್ಮಂಥ ಒಂದು ಚಿಕ್ಕ ಪತ್ರಿಕೆಯಲ್ಲಿ ಲೋಕಪ್ರಸಿದ್ಧನು ಬರೆದನೆಂಬದು ನಮಗೆ ಸಂತೋಷದ ಸಂಗತಿ.

ದಾದಿಯ ಬಾಯಿಂದ ಕೇಳಿದ್ದು ವ್ಯರ್ಥವಾಗಲಿಲ್ಲ. ವಾಯ್ಲಿಮಾದಲ್ಲಿ ಮನೆಯವರೂ ಕೆಲಸದವರೂ ಪ್ರಾರ್ಥನೆಗಾಗಿ ಕೂಡಿಬರುತ್ತಿದ್ದರು. ಸಮೋವಾ ಭಾಷೆಯಲ್ಲಿ ಗೀತ ಹಾಡುವರು. ಯಜಮಾನನು ತಾನೇ ಬರೆದ ಪ್ರಾರ್ಥನೆಗಳನ್ನು ಓದುವನು. ಯೌವನದ ಅವನ ಸಂಶಯಗಳೆಲ್ಲ ತೀರಿಹೋದವೆಂದು ನಾವು ಹೇಳಲಾರೆವು. ಅವನ ಮನೆಯಲ್ಲಿ ಪ್ರಾರ್ಥನೆ ನಡೆಯುತ್ತಿತ್ತೆಂಬಷ್ಟನ್ನು ಹೇಳಬಲ್ಲೆವು.

ಅಧಿಕಾರಿಗಳ ತಪ್ಪುಗಳನ್ನು ಅವನು ಲಂಡನ್ ಟೈಮ್ಸ್ ಪತ್ರಿಕೆಗೆ ಕಾಗದಗಳ ಮೂಲಕ ತಿಳಿಸಿದನು. 1892ರಲ್ಲಿ ಸಮೋವಾದ ಕಲಹಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದನು. ಇದರಿಂದ ಅಧಿಕಾರಿಗಳಿಗೆ ಸಿಟ್ಟುಬಂದು, ಅವನನ್ನು ದ್ವೀಪದಿಂದ ಹೊರಡಿಸುವ ಮಾತು ಸಹ ಹುಟ್ಟಿತು. ಆ ದ್ವೀಪವನ್ನು ಬಿಡುವದೆಂದರೆ ಅವನಿಗೆ ಪ್ರಾಣವನ್ನೇ ಬಿಡುವಂತೆ; ಆದರೂ ಲೇಖನಿಯನ್ನು ಕೆಳಗಿಡಲಿಲ್ಲ.

1893ರ ಜುಲೈ ತಿಂಗಳಲ್ಲಿ ಯುದ್ಧವಾಯಿತು. ಮಾತಾಫಾನು ಸೋತು ದೂರದ ಮಾರ್ಷಲ್ ದ್ವೀಪಗಳಿಗೆ ಗಡೀಪಾರಾದನು. ಅವನ ಪಕ್ಷದ ಮುಖ್ಯಸ್ಥರು ಆಪಿಯಾದ ಸೆರೆಮನೆಯಲ್ಲಿ ಬಿದ್ದರು. ಸೋತವರ ಬಾಗಿಲಿಗೆ ಹೋಗುವವರು ಯಾರು? ಸ್ಟೀವನ್ಸನ್ನನು ಹೋದನು. ಆಹಾರವನ್ನೂ, ತಂಬಾಕನ್ನೂ, ಆ ಜನರು ಗೌರವದಿಂದ ಕುಡಿಯುವ ಕಾವಾ ಎಂಬ ಬೇರಿನ ಪಾನವನ್ನೂ ತೆಗೆದುಕೊಂಡು ಹೋಗಿ ಅವರೊಡನೆ ಕೂತನು. ಅವರ ಬಿಡುಗಡೆಗಾಗಿ ಪ್ರಯತ್ನಪಟ್ಟನು.

1894ರಲ್ಲಿ ಅವರಿಗೆ ಬಿಡುಗಡೆಯಾಯಿತು. ಆಗ ಆ ಮುಖ್ಯಸ್ಥರು ವಾಯ್ಲಿಮಾಕ್ಕೆ ಬಂದು, ಅವನ ಮನೆಯಿಂದ ಹೆದ್ದಾರಿಯ ತನಕ ತಾವೇ ಒಂದು ರಸ್ತೆಯನ್ನು ಮಾಡಿಕೊಡುವೆವೆಂದರು. ರಸ್ತೆಯ ಕೆಲಸವೆಂದರೆ ಸಮೋವಾದವರಿಗೆ ಅತ್ಯಂತ ಬೇಸರ. ಕೂಲಿಯ ಆಶೆಯಾಗಲಿ ದಂಡನೆಯ ಭಯವಾಗಲಿ ಅವರನ್ನು ಅದಕ್ಕೆ ಎಳೆದದ್ದಿಲ್ಲ. ಮೇಲಾಗಿ ಆಗ ದೇಶದಲ್ಲಿ ಬಡತನವಿತ್ತು, ಕ್ಷಾಮದ ಭಯವೂ ಇತ್ತು. ಆದರೂ ತಮ್ಮ ಕೆಲಸಕ್ಕೆ ಪ್ರತಿಯಾಗಿ ಉಡುಗೊರೆಯೇನನ್ನೂ ಕೊಡಕೂಡದೆಂದು ಅವರು ಮೊದಲೇ ಕಟ್ಟುಮಾಡಿದರು. ಮುಖ್ಯಸ್ಥರೆನಿಸಿಕೊಂಡವರು ತಮ್ಮ ಯೌವನಸ್ಥರೊಂದಿಗೆ ಮಣ್ಣು ಅಗೆದರು. ಅಕ್ಟೋಬರದಲ್ಲಿ ಕೆಲಸವು ಮುಗಿಯಿತು. ಅದಕ್ಕೆ ಪ್ರೀತಿಯುಳ್ಳ ಹೃದಯದ ದಾರಿ ಎಂದು ಹೆಸರಿಟ್ಟು, ಸೆರೆಯಲ್ಲಿದ್ದಾಗ ತಮ್ಮನ್ನು ನೆನಸಿದವನಿಗೆ ಇದು ಕಾಣಿಕೆಯೆಂದು ಹಲಿಗೆಯ ಮೇಲೆ ಬರೆದು ತಮ್ಮ ಹೆಸರುಗಳನ್ನು ಹಾಕಿದರು.

ಅಂದಿನ ಔತಣದಲ್ಲಿ ಸ್ಟೀವನ್ಸನ್ನನು ಅವರಿಗೆ ಬುದ್ಧಿಮಾತುಗಳನ್ನು ಹೇಳಿದನು. ದೇಶವನ್ನು ಕಾಪಾಡುವವನು ಬಂದೂಕು ಹಿಡಿದವನಲ್ಲ. ಭೂಮಿಯನ್ನು ಉತ್ತು, ಮರ ನೆಟ್ಟು, ದಾರಿ ಮಾಡಿ ಅದನ್ನು ಉಪಯೋಗಿಸುವವನೇ ಎಂಬದು ಅದರ ತಾತ್ಪರ್ಯ. ಹಾಗೆ ಮಾಡದಿದ್ದರೆ ಭೂಮಿಯು ಪರರ ಕೈಸೇರುವದೆಂದು, ಹವಾಯಿಯಲ್ಲಿಯೂ ತನ್ನ ಸ್ವಂತ ಸ್ಕಾಟ್ಲೆಂಡಿನಲ್ಲಿಯೂ ಆದದ್ದನ್ನು ತೋರಿಸಿ ಎಚ್ಚರಿಸಿದನು. ಭೂಮಿಯನ್ನು ಕೊಂಡ ಪರದೇಶಿಯೇ ಭೂಮಿಯನ್ನು ಕಳಕೊಳ್ಳಬೇಡಿರೆಂದು ಹೇಳಿದ್ದನ್ನು ವಾಚಕರು ಗಮನಿಸಬೇಕು.

ಅವನ ದಿನಗಳು ಮುಗಿಯುತ್ತಾ ಬಂದಿದ್ದವು. 1894ನೆಯ ಡಿಸೆಂಬರ್ 3ರಂದು ಮುಂಜಾನೆ ಎಂದಿನಂತೆ ಬರೆದನು. ಅದು ಸ್ಕಾಟ್ಲೆಂಡಿನ ಕಥೆಯೇ. ಸಾಯಂಕಾಲ ಹೆಂಡತಿಯೊಡನೆ ಊಟದ ಸಿದ್ಧತೆಯಲ್ಲಿದ್ದಾಗ ತಟ್ಟನೆ ತಲೆಯಲ್ಲಿ ನೋವು ಹುಟ್ಟಿ ಕುಸಿದನು. ಎಷ್ಟೋ ವರುಷ ಹೆದರಿಸಿದ ಎದೆಯ ಬೇನೆಯಲ್ಲ, ಮಿದುಳಿನಲ್ಲಿ ರಕ್ತ ಒಡೆದದ್ದೇ ಮರಣಕ್ಕೆ ಕಾರಣವಾಯಿತು. ವಯಸ್ಸು 44.

ಆ ರಾತ್ರಿ ಸಮೋವಾದವರು ತಮ್ಮಲ್ಲಿ ಅತಿ ಬೆಲೆಯುಳ್ಳ ನುಣುಪಾದ ಚಾಪೆಗಳನ್ನು ತಂದು ಶವದ ಮೇಲೆ ಹಾಸಿ ಕಾದುಕೂತರು. ವಾಯೆಯಾ ಬೆಟ್ಟದ ತುದಿಯಲ್ಲಿ ತನ್ನನ್ನು ಹೂಣಬೇಕೆಂದು ಅವನು ಕೇಳಿಕೊಂಡಿದ್ದನು, ಅಲ್ಲಿಗೆ ದಾರಿಯಿರಲಿಲ್ಲ. ಜನರು ಕೊಡಲಿ ಕತ್ತಿಗಳನ್ನು ಹಿಡಿದು ಕಡಿದಾದ ಕಾಡಿನಲ್ಲಿ ದಾರಿಯನ್ನು ಕಡಿದರು. ಮರುದಿನ ಪೆಟ್ಟಿಗೆಯನ್ನು ಹೆಗಲಿಂದ ಹೆಗಲಿಗೆ ಬದಲಾಯಿಸುತ್ತಾ ತುದಿಗೆ ಒಯ್ದರು. ಅವನ ಮಿತ್ರನಾಗಿದ್ದ ಲಂಡನ್ ಮಿಶನಿನ ಕ್ಲಾರ್ಕ್ ಎಂಬ ಬೋಧಕನು ಪ್ರಾರ್ಥನೆ ನಡಿಸಿದನು. ಕೆಳಗೆ ಸಮುದ್ರವು ಕಾಣುವ ಆ ಸ್ಥಳದಲ್ಲಿ ಅವನನ್ನು ಹೂಣಿಟ್ಟರು. ಫ್ಯಾನಿಯು 1914ರಲ್ಲಿ ಅಮೇರಿಕಾದಲ್ಲಿ ತೀರಿಹೋದಳು. ಮುಂದಿನ ವರುಷ ಆಕೆಯ ಚಿತಾಭಸ್ಮವನ್ನು ತಂದು ಅಲ್ಲಿಯೇ ಇಟ್ಟರು.

ಸಮೋವಾದ ಆ ಪಶ್ಚಿಮ ದ್ವೀಪಗಳು 1900ರಲ್ಲಿ ಜರ್ಮನಿಗೂ 1914ರಲ್ಲಿ ನ್ಯೂಜಿಲೆಂಡಿಗೂ ವಶವಾಗಿ, 1962ರಲ್ಲಿ ಸ್ವತಂತ್ರವಾದವು. ಅವನನ್ನು ಗದರಿಸಿದ ಅಧಿಕಾರಗಳೆಲ್ಲ ಹೋದವು. ಗವರ್ನರುಗಳು ವಾಸಿಸಿದ ವಾಯ್ಲಿಮಾದ ಮನೆಯು 1994ರಿಂದ ಅವನ ಜ್ಞಾಪಕಾರ್ಥವಾದ ವಸ್ತುಸಂಗ್ರಹಾಲಯವಾಗಿದೆ.

ಪ್ರಿಯ ವಾಚಕರೇ, ಸ್ಟೀವನ್ಸನ್ನನು ತನ್ನ ದೇಹದ ಸೌಖ್ಯಕ್ಕಾಗಿಯೇ ಆ ದ್ವೀಪಕ್ಕೆ ಹೋದವನು. ಅದು ದೋಷವಲ್ಲ, ಒಳ್ಳೇ ಗಾಳಿ ಎಲ್ಲರಿಗೂ ಬೇಕು. ಆದರೆ ಕ್ರಯಪತ್ರವು ಅವನಿಗೆ ಮುನ್ನೂರು ಎಕರೆಯನ್ನು ಮಾತ್ರ ಕೊಟ್ಟಿತು. ಊರನ್ನು ಕೊಟ್ಟದ್ದು ಸೆರೆಮನೆಯ ಬಾಗಿಲಿಗೆ ಅವನು ನಡೆದ ಆ ನಡೆಯೇ. ಆ ಜನರು ಅವನಿಗಾಗಿ ಎರಡು ದಾರಿಗಳನ್ನು ಮಾಡಿದರು, ಒಂದು ಮನೆಗೆ, ಒಂದು ಸಮಾಧಿಗೆ. ಎರಡಕ್ಕೂ ಕೂಲಿ ಕೇಳಲಿಲ್ಲ. ಹೊಸ ಊರಿಗೆ ಹೋಗಿ ನೆಲೆಸುವವರೂ, ಹೊಸಬರು ಬಂದು ನೆಲೆಸುವದನ್ನು ನೋಡುವವರೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ನಮ್ಮ ಊರುಗಳಲ್ಲಿ ಬೇಲಿಗಳಿಗಿಂತ ದಾರಿಗಳು ಹೆಚ್ಚುವವು.